ಕ್ಯಾಂಟನ್ ಪಾರ್ಕಿನ ಹದಿನಾಲ್ಕು ಪ್ರಶ್ನೆಗಳು

ಬೀಗ ಹಾಕಿದ ಗೇಟು

ಎಂಟು ವರ್ಷ ಕುವೈತಿನಲ್ಲಿದ್ದವನಿಗೆ ಭಾನುವಾರವೆಂದರೆ ಬರೀ ದುಡಿಮೆಯ ದಿನ. ರಜೆ ಶುಕ್ರವಾರ. ಇದು ತಲೆಗಿಂತ ಹೆಚ್ಚಾಗಿ ಮೈಗೆ ಗೊತ್ತಿರುತ್ತದೆ. ಹಾಗಾಗಿಯೇ ಚೀನಾದ ಕ್ಯಾಂಟನ್ ಶಹರದಲ್ಲಿ ಇಳಿದ ಮರುದಿನ, ಶುಕ್ರವಾರ, ನಾನು ಹತ್ತು ಗಂಟೆಯವರೆಗೆ ಹಾಯಾಗಿ ಗೊರಕೆ ಹೊಡೆದೆ. ಕಂಪನಿಯವರು ಕಾರು ತಂದು ಹೋಟೆಲಿನ ಕೆಳಗೆ ಎರಡು ಗಂಟೆ ಕಾದು ಕುಳಿತಿದ್ದರು. ನಾಚಿಕೆಯಿಂದ ಸತ್ತಂತಾಯಿತು. ಆ ಪಾಪ ತೊಳೆಯಲೆಂದು ಭಾನುವಾರ ಆರಕ್ಕೇ ಎದ್ದು, ಟೈ ಕಟ್ಟಿ, ಚೀಲ ಹಿಡಿದು ಅವರ ಆಫೀಸಿನ ಮುಂದೆ ಹೋಗಿ ನಿಂತೆ. ಗೇಟಿಗೆ ಬೀಗ. ಕಾವಲುಗಾರ ಗಂಜಿಯ ಬಟ್ಟಲು ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಂಗೈಯನ್ನು ಕೆನ್ನೆಗಿಟ್ಟು, ಎಲ್ಲರೂ ಮಲಗಿದ್ದಾರೆ ಎಂದು ತೋರಿಸಿ, ಗಂಜಿ ನೆತ್ತಿಗೇರುವಷ್ಟು ನಕ್ಕ.

ಅದು ತೊಂಬತ್ತನೆಯ ಇಸವಿಯ ಏಪ್ರಿಲ್ ತಿಂಗಳು. ಕುವೈತಿನ ಮಿರ್ಕಾಬಿನಲ್ಲಿ ನನ್ನ ಕಫೀಲ್, ಅಂದರೆ ನನಗೆ ಇಕಾಮಾ ಎಂಬ ವಾಸದ ಪರವಾನಗಿ ಮಾಡಿಸಿಕೊಟ್ಟ ಅರಬ ಯಜಮಾನ, ಪಾತ್ರೆ ಪಡಗಗಳ ಸಗಟು ವ್ಯಾಪಾರ ಮಾಡುತ್ತಿದ್ದ. ಚೀನಾದಿಂದ ಬಂದ ಬಿಸಿನೀರಿನ ಫ್ಲಾಸ್ಕುಗಳಲ್ಲಿ ಅರ್ಧಕ್ಕರ್ಧ ಒಳಗಿನ ಗಾಜು ಒಡೆದು ಬರುತ್ತಿತ್ತು. ಅಲ್ಲಿ ಹೇಗೆ ಪ್ಯಾಕ್ ಮಾಡುತ್ತಾರೆಂದು ನೋಡಿ ಬಾ, ಯಲ್ಲಾ, ಬೇಗ ಹೊರಡು, ಎಂದು ನನ್ನನ್ನು ಹೊರಡಿಸಿದ. ನನ್ನ ಜತೆ ಕೋಣೆಯಲ್ಲಿದ್ದ ಶಿರ್ವದ ಲಾರೆನ್ಸ್, ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ಸ್ಟೋರು ನೋಡಿಕೊಳ್ಳುವವನು, ನನ್ನ ಪೆಟ್ಟಿಗೆಯಲ್ಲಿ ಮಿಡಿ ಉಪ್ಪಿನಕಾಯಿಯ ಬಾಟಲಿ ತುರುಕಿದ. "ಅಲ್ಲಿ ಹಾವು ಬಡಿಸ್ತಾರಂತೆ ಮಾರಾಯ. ಇದೊಂದು ಇದ್ರೆ ಬರೀ ಅನ್ನ ಆದ್ರೂ ಇಳೀತದೆ" ಎಂದ. ಹಾವನ್ನು ಯಾರೂ ಬಡಿಸಲಿಲ್ಲ. ಉಪ್ಪಿನಕಾಯಿ ಮಾತ್ರ ಸೂಟಿನ ಮೇಲೆಲ್ಲ ಸೋರಿತ್ತು.

ಆಫೀಸು ಇಲ್ಲ, ದುಭಾಷಿ ಇಲ್ಲ, ಸೂಟಿಗೆ ಉಪ್ಪಿನಕಾಯಿಯ ವಾಸನೆ. ಹೋಟೆಲಿಗೆ ಮರಳಿ ಊಟ ಮಾಡಿ, ಮಧ್ಯಾಹ್ನ ಸುಮ್ಮನೆ ಕಾಲು ಹೋದ ಕಡೆ ನಡೆದೆ. ಜನ ಹೋಗುತ್ತಿದ್ದ ಕಡೆಗೇ ಹೋದರೆ ದೊಡ್ಡ ಕೆರೆಯಿದ್ದ ಒಂದು ಪಾರ್ಕು ಸಿಕ್ಕಿತು.

ಪಂಜರಗಳ ಆಲದ ಮರ

ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿದ್ದೆನಷ್ಟೇ, ಒಬ್ಬ ಅಜ್ಜ ಬೆನ್ನು ಮುಂದೆ ಮಾಡಿಕೊಂಡು ಬಂದು ನನಗೆ ಡಿಕ್ಕಿ ಹೊಡೆದ. ಕುಡಿದಿರಬೇಕು ಅಂದುಕೊಂಡೆ. ನೋಡಿದರೆ ಅವನ ಹಿಂದೆ ಇನ್ನೂ ಐದಾರು ಮಂದಿ ಅದೇ ರೀತಿ ಹಿಮ್ಮುಖವಾಗಿ, ಬಹಳ ಗಂಭೀರವಾಗಿ ನಡೆಯುತ್ತಿದ್ದಾರೆ. ಅದು ಸೊಂಟಕ್ಕೆ ಒಳ್ಳೆಯದಂತೆ, ಆಮೇಲೆ ತಿಳಿಯಿತು. ಇನ್ನೊಂದು ಕಡೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅರುವತ್ತು ದಾಟಿದ ಹೆಂಗಸರು ಪರಸ್ಪರ ಕೈಹಿಡಿದು ಕುಣಿಯುತ್ತಿದ್ದರು. ನೋಡಿ ನಗುವವರು ಯಾರೂ ಇಲ್ಲ. ನಮ್ಮ ಕಾಪುವಿನಲ್ಲಿ ಆ ಪ್ರಾಯದ ಯಾರಾದರೂ ಹೀಗೆ ಕುಣಿದರೆ ಮನೆಯವರು ಮಂತ್ರವಾದಿಯನ್ನು ಕರೆಸುತ್ತಾರೆ.

ಕುವೈತಿನಲ್ಲಿಯೂ ಶುಕ್ರವಾರ ಸಂಜೆ ಸಮುದ್ರದ ಬದಿ ಜನ ತುಂಬುತ್ತದೆ. ಆದರೆ ಅಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದು ಕಂಬಳಿ, ಒಂದೊಂದು ವೃತ್ತ. ನಮ್ಮಂಥ ಒಂಟಿ ಗಂಡಸರು ಆ ವೃತ್ತಗಳಿಂದ ದೂರ, ರಸ್ತೆಯ ಅಂಚಿನಲ್ಲಿ ಕಡಲೆ ತಿನ್ನುತ್ತ ನಡೆಯಬೇಕು. ಇಲ್ಲಿ ಎಲ್ಲರೂ ಎಲ್ಲರ ನಡುವೆ ನುಗ್ಗುತ್ತಿದ್ದರು. ನಾನು ನಿಂತಲ್ಲಿ ಯಾರೋ ನನ್ನ ಕೈಗೆ ತಮ್ಮ ಕೋಟು ಕೊಟ್ಟು ಬ್ಯಾಡ್ಮಿಂಟನ್ ಆಡಲು ಹೋದರು. ಕಾಲು ಗಂಟೆ ಅದನ್ನು ಹಿಡಿದುಕೊಂಡು ನಿಂತಿದ್ದೆ. ಸತ್ಯವಾಗಿ ಹೇಳುತ್ತೇನೆ, ನನಗೆ ಸಂತೋಷವಾಯಿತು.

ಕೆರೆಯ ಪಕ್ಕದಲ್ಲಿ ಬಿಳಲು ಬಿಟ್ಟ ಒಂದು ಆಲದ ಮರ. ಅದರ ಕೊಂಬೆಗಳಿಗೆ ಇಪ್ಪತ್ತು ಬಿದಿರಿನ ಪಂಜರಗಳನ್ನು ತೂಗುಹಾಕಿದ್ದರು. ಹಕ್ಕಿಗಳಿಗೂ ರಜೆಯ ತಿರುಗಾಟ ಬೇಕಂತೆ. ಕೆಳಗೆ ಅವುಗಳ ಯಜಮಾನರು ಚಹಾ ಕುಡಿಯುತ್ತ ಕುಳಿತಿದ್ದರು. ಒಬ್ಬ ಅಜ್ಜ ಸ್ಟೂಲು ಎಳೆದು ನನ್ನನ್ನೂ ಕೂರಿಸಿ, ಹೆಬ್ಬೆರಳಿನಷ್ಟು ದೊಡ್ಡ ಕಪ್ಪಿನಲ್ಲಿ ಚಹಾ ಸುರಿದ. ಕುಡಿದೆ. ಮತ್ತೆ ಸುರಿದ. ಮತ್ತೆ ಕುಡಿದೆ. ಮೂರನೆಯದಕ್ಕೆ ಸಾಕೆನಿಸಿ, ಕಪ್ಪನ್ನು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದೆ. ಅರಬರ ಮನೆಯಲ್ಲಿ ಕಾಫಿ ಸಾಕಾಯಿತು ಎನ್ನಲು ಹೀಗೆಯೇ ಮಾಡಬೇಕು. ಅಲ್ಲಾಡಿಸದಿದ್ದರೆ ಅವರು ಬೆಳಗಿನವರೆಗೂ ಸುರಿಯುತ್ತಿರುತ್ತಾರೆ. ಎಂಟು ವರ್ಷದಲ್ಲಿ ಅದು ಕೈಗೆ ಅಂಟಿಬಿಟ್ಟಿತ್ತು.

ಅಜ್ಜ ಕಪ್ಪನ್ನು ಇಣುಕಿ ನೋಡಿದ. ಕಸ ಬಿದ್ದಿದೆ ಎಂದುಕೊಂಡು ಬಿಸಿನೀರಿನಲ್ಲಿ ತೊಳೆದು ಮತ್ತೆ ಸುರಿದ. ಅಲ್ಲಾಡಿಸಿದೆ. ಕಪ್ಪನ್ನೇ ಬದಲಾಯಿಸಿದ. ಅದನ್ನೂ ಕುಡಿದು ಅಲ್ಲಾಡಿಸಿದೆ. ಚಹಾಸೊಪ್ಪನ್ನೇ ಬದಲಾಯಿಸಿ ಎಲ್ಲರಿಗೂ ಸುರಿದ. ಇಷ್ಟರಲ್ಲಿ ಸುತ್ತ ಕುಳಿತವರು ಒಬ್ಬೊಬ್ಬರಾಗಿ ಎರಡು ಬೆರಳಿನಿಂದ ಮೇಜನ್ನು ಕುಟ್ಟತೊಡಗಿದರು. ಇವನು ಏಳುವುದು ಯಾವಾಗ ಎಂದು ಕೇಳುತ್ತಿದ್ದಾರೆಂದು ನನಗೆ ಖಾತ್ರಿಯಾಯಿತು. ದಡಬಡಿಸಿ ಎದ್ದೆ.

"ಕುಳಿತುಕೊಳ್ಳಿ, ದಯವಿಟ್ಟು ಕುಳಿತುಕೊಳ್ಳಿ" ಎಂದು ಹಿಂದಿನಿಂದ ಇಂಗ್ಲಿಷಿನಲ್ಲಿ ಯಾರೋ ಹೇಳಿದರು. "ಬೆರಳು ಕುಟ್ಟುವುದೆಂದರೆ ನಮ್ಮಲ್ಲಿ ಚಹಾ ಸುರಿದವರಿಗೆ ವಂದನೆ. ಮತ್ತು ನೀವು ಕಪ್ಪು ಖಾಲಿ ಮಾಡಿದಷ್ಟು ಕಾಲ ಅವರು ತುಂಬುತ್ತಲೇ ಇರುತ್ತಾರೆ. ಸಾಕೆಂದರೆ ತುಂಬಿದ್ದನ್ನು ಹಾಗೆಯೇ ಬಿಡಿ."

ಹೇಳಿದವರು ಚೆನ್ ಮೇಷ್ಟ್ರು. ಐವತ್ತರ ಆಸುಪಾಸು, ಶಾಲೆಯಲ್ಲಿ ಭೂಗೋಳ ಕಲಿಸುವವರು. ಅವರ ಇಂಗ್ಲಿಷು ರೇಡಿಯೋ ಕೇಳಿ ಕಲಿತದ್ದು. ಹಾಗಾಗಿ ಅವರು ಏನು ಹೇಳಿದರೂ ವಾರ್ತೆ ಓದಿದಂತಿರುತ್ತಿತ್ತು. ಪ್ರತಿ ಭಾನುವಾರ ಆ ಪಾರ್ಕಿನ ಇನ್ನೊಂದು ಮರದಡಿ ಇಂಗ್ಲಿಷ್ ಮಾತಾಡಿ ಕಲಿಯುವವರು ಸೇರುತ್ತಾರೆ, ಪರದೇಶದವರು ಸಿಕ್ಕರೆ ಅವರಿಗೆ ಹಬ್ಬ, ನೀವು ಬರಲೇಬೇಕು ಎಂದರು. ಅಷ್ಟೊಂದು ಕಪ್ಪು ಚಹಾ ಕುಡಿದವನಿಗೆ ಮೊದಲು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಿ, ಆಮೇಲೆ ಅವರ ಜತೆ ನಡೆದೆ.

ಇಂಗ್ಲಿಷಿನ ಮರ

ಮರದಡಿ ನಲವತ್ತು ಜನ ಇದ್ದಿರಬಹುದು. ನರ್ಸುಗಳು, ಬಸ್ಸಿನ ಕಂಡಕ್ಟರು, ನಿವೃತ್ತ ಮಿಲಿಟರಿಯವರು. ನನ್ನ ಹೆಸರೇನು, ಹಸು ನಮಗೆ ದೇವರೇ, ಹೆಂಡತಿ ಎಷ್ಟು ಜನ, ಮೀಸೆ ಯಾಕೆ ಎಂದು ಒಂದೇ ಸಮನೆ ಕೇಳಿದರು. ನನ್ನ ಇಂಗ್ಲಿಷು ಕನ್ನಡ ಮೀಡಿಯಮ್ಮಿನದು. ಊರಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದವನು ಅಲ್ಲಿ ಬೆಳ್ಳಕ್ಕಿಗಳ ನಡುವಿನ ಹಂಸದ ಹಾಗೆ ಮೆರೆದೆ. ಕೆಲಸ ಎಲ್ಲಿ ಎಂದು ಕಂಡಕ್ಟರ್ ಕೇಳಿದ. ಕುವೈತ್ ಎಂದೆ. ಚೆನ್ ಮೇಷ್ಟ್ರು ಒಮ್ಮೆಲೇ ಮಾತು ನಿಲ್ಲಿಸಿ, ಗುಂಪಿನ ಆಚೆಗೆ ತಿರುಗಿ ಯಾರನ್ನೋ ಕೂಗಿದರು.

ಜನರನ್ನು ಸರಿಸಿಕೊಂಡು ಒಬ್ಬಳು ಹೆಂಗಸು ಮುಂದೆ ಬಂದಳು. ಇಪ್ಪತ್ತೈದು ವರ್ಷವಿರಬಹುದು. ಬೆನ್ನಿಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಎಂಟು ತಿಂಗಳ ಮಗು. ಹತ್ತು ಹೆಜ್ಜೆ ಹಿಂದೆ ಸೈಕಲ್ ಹಿಡಿದು, ನೆಲ ನೋಡುತ್ತ ಅವಳ ಗಂಡ ನಿಂತಿದ್ದ. ಅವನ ಹೆಸರು ಲಿಯಾಂಗ್. ಟೈಲ್ಸ್ ಹಾಕುವ ಕೆಲಸದವನು. ಕ್ಯಾಂಟನ್ನಿನ ಒಂದು ಕಟ್ಟಡದ ಕಂಪನಿ ಎರಡು ವರ್ಷಕ್ಕೆ ಕುವೈತಿಗೆ ಕಳುಹಿಸುವ ಮೂವತ್ತು ಮಂದಿಯಲ್ಲಿ ಅವನ ಹೆಸರೂ ಇತ್ತು. ಮರುದಿನ ಬೆಳಿಗ್ಗೆ ಸಹಿ ಹಾಕಬೇಕು. ಹೆಂಡತಿ ಮೇಯಿ ಒಪ್ಪಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ. ಕುವೈತ್ ಕಂಡ ಯಾರನ್ನಾದರೂ ಕೇಳದೆ ಹೇಳುವುದಿಲ್ಲ ಎಂದು ಹಟ ಹಿಡಿದು, ಪರದೇಶದವರು ಬರುವ ಈ ಮರದಡಿ ಮೂರು ಭಾನುವಾರಗಳಿಂದ ಕಾಯುತ್ತಿದ್ದಳು.

ಅವಳ ಕೈಯಲ್ಲಿ ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆ. ಅದರಲ್ಲಿ ನಂಬರು ಹಾಕಿ ಬರೆದ ಹದಿನಾಲ್ಕು ಪ್ರಶ್ನೆಗಳು. "ಇವಳು ನನ್ನ ಹಳೆಯ ವಿದ್ಯಾರ್ಥಿನಿ" ಎಂದರು ಮೇಷ್ಟ್ರು, ಸ್ವಲ್ಪ ಹೆಮ್ಮೆಯಿಂದ.

ಕೆರೆಯ ಕಟ್ಟೆ

ಕೆರೆಯ ಕಟ್ಟೆಯ ಮೇಲೆ ಕುಳಿತೆವು. ಮೇಷ್ಟ್ರು ನಡುವೆ. ನಾನು ಶುರು ಮಾಡಿದೆ.

ಗಲ್ಫಿನಲ್ಲಿ ದುಡಿಯುವ ನಮ್ಮವರಲ್ಲಿ ಒಂದು ಬರೆಯದ ಕಾನೂನು ಉಂಟು. ಊರಿಗೆ ಹೋದಾಗ ಅಲ್ಲಿಯ ಕಷ್ಟ ಹೇಳಬಾರದು. ಸೆಂಟು, ಬಿಸ್ಕತ್ತು, ಕಂಬಳಿ ಹಂಚಬೇಕು. ಎಲ್ಲ ಚಂದ ಎನ್ನಬೇಕು. ಕಷ್ಟ ಹೇಳಿದರೆ ಮರಳಿ ಹೊರಡುವಾಗ ಮನೆಯವರು ಅಳುತ್ತಾರೆ, ಊರಿನವರು ನಗುತ್ತಾರೆ. ನನ್ನ ಹೆಂಡತಿ ಸುಮತಿಗೆ ನಾನು ಹೇಳಿದ್ದು, ನನಗೆ ಸ್ವಂತ ಕೋಣೆ ಇದೆ, ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆ ಅಂತ. ಒಮ್ಮೆ ಹೇಳಿದ ಮೇಲೆ ಆ ಸಮುದ್ರವನ್ನು ಎಂಟು ವರ್ಷ ಸಾಕಬೇಕಾಯಿತು. ಪ್ರತಿ ರಜೆಗೆ ಅದರ ಬಣ್ಣ ಬದಲಾಯಿಸುತ್ತಿದ್ದೆ.

ಆ ಅಭ್ಯಾಸದಲ್ಲಿಯೇ ಮೇಯಿಗೂ ಹೇಳುತ್ತ ಹೋದೆ. ರಸ್ತೆಗಳು ಕನ್ನಡಿಯಂತೆ. ಎಲ್ಲ ಕಡೆ ಏಸಿ. ಕುಡಿಯಲು ತಣ್ಣೀರು ಬೀದಿಬೀದಿಯಲ್ಲಿ. ಮೇಷ್ಟ್ರು ಅನುವಾದಿಸುತ್ತಿದ್ದರು. ಅವಳು ಪೆನ್ಸಿಲು ಹಿಡಿದು ಕೇಳುತ್ತಿದ್ದಳು, ಏನನ್ನೂ ಬರೆಯಲಿಲ್ಲ. ನಾನು ಉಸಿರು ಎಳೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಏನೋ ಹೇಳಿದಳು.

"ಅವಳು ಹೇಳುತ್ತಾಳೆ," ಮೇಷ್ಟ್ರು ವಾರ್ತೆಯ ಧ್ವನಿಯಲ್ಲಿ ಹೇಳಿದರು, "ಕಂಪನಿಯವರೂ ಇದನ್ನೇ ಹೇಳಿದರು. ಅವಳ ಮೊದಲನೆಯ ಪ್ರಶ್ನೆ: ನೀವು ಎಲ್ಲಿ ಮಲಗುತ್ತೀರಿ?"

ಬೆನ್ನಿನ ಮಗು ನನ್ನನ್ನೇ ನೋಡುತ್ತಿತ್ತು. ಅಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. ಮಾತು ನನ್ನದಲ್ಲ, ಊರು ನನ್ನದಲ್ಲ. ಬಾಯಿಂದ ನಿಜ ಬಂದುಬಿಟ್ಟಿತು. ಒಂದು ಕೋಣೆಯಲ್ಲಿ ಆರು ಜನ, ಎಂದೆ. ಮೇಲೊಂದು ಕೆಳಗೊಂದು ಕಬ್ಬಿಣದ ಮಂಚ. ಕಿಟಕಿ ಇದೆ, ಅದು ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತದೆ.

ಅವಳು ಒಂದರ ಮುಂದೆ ಗುರುತು ಹಾಕಿದಳು. ಆಮೇಲೆ ಒಂದೊಂದಾಗಿ ಕೇಳುತ್ತ ಹೋದಳು. ಜ್ವರ ಬಂದರೆ ಯಾರು ನೋಡುತ್ತಾರೆ? ಕೋಣೆಯವರು, ಕೆಲಸ ಮುಗಿಸಿ ಬಂದ ಮೇಲೆ. ಪಾಸ್‌ಪೋರ್ಟು ಯಾರ ಕೈಯಲ್ಲಿ? ಕಫೀಲ್‌ನ ಕಪಾಟಿನಲ್ಲಿ. ಬೇಸಿಗೆ ಎಷ್ಟು ಬಿಸಿ? ಮೊದಲ ವರ್ಷ ಸುಲೈಬಿಯಾದ ಗೋದಾಮಿನಲ್ಲಿ ನಾನು ಪೆಟ್ಟಿಗೆ ಹೊರುತ್ತಿದ್ದೆ, ಎರಡು ಸಲ ಕಣ್ಣುಕತ್ತಲೆ ಬಂದು ಬಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಊರಿಗೆ ನಾನು ಮೊದಲ ದಿನದಿಂದಲೂ ಆಫೀಸಿನವನೇ. ಕಾಗದ ಎಷ್ಟು ದಿನಕ್ಕೆ ಸಿಗುತ್ತದೆ, ಬೈಗುಳ ಇದೆಯೇ, ಪರದೇಶದವರು ಸತ್ತರೆ ಹೆಣವನ್ನು ಊರಿಗೆ ಹೇಗೆ ಕಳುಹಿಸುತ್ತಾರೆ, ಎಲ್ಲ ಕೇಳಿದಳು. ಎಲ್ಲದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀವು ಅತ್ತದ್ದು ಯಾವಾಗ ಎಂಬುದು ಹನ್ನೊಂದನೆಯ ಪ್ರಶ್ನೆ. ಮಗಳು ಹುಟ್ಟಿದ ಟೆಲಿಗ್ರಾಂ ಬಂದ ದಿನ, ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು, ಎಂದೆ. ಮೇಷ್ಟ್ರ ವಾರ್ತೆಯ ಧ್ವನಿ ಅಲ್ಲಿ ಸ್ವಲ್ಪ ಒಡೆಯಿತು. ಯಾವಾಗಲೋ ಲಿಯಾಂಗ್ ಸೈಕಲ್ಲನ್ನು ಮರಕ್ಕೆ ಒರಗಿಸಿ ಹತ್ತಿರ ಬಂದು ನಿಂತಿದ್ದ.

ಹದಿಮೂರು ಮುಗಿಯಿತು. ಇನ್ನು ಇವಳು ಅವನನ್ನು ಕಳುಹಿಸುವುದಿಲ್ಲ ಎಂದುಕೊಂಡೆ. ಅವಳು ಕೊನೆಯದನ್ನು ಓದಿದಳು.

"ಅಲ್ಲಿ ಯುದ್ಧವಾಗುತ್ತದೆಯೇ?"

ನಾನು ನಕ್ಕುಬಿಟ್ಟೆ. ಬಾಯ್ತುಂಬ ನಕ್ಕೆ. ಹದಿಮೂರು ಕಹಿ ಉತ್ತರಗಳ ಮೇಲೆ ಒಂದು ಸಿಹಿ ಸಿಕ್ಕಿದ ಖುಷಿ ಅದು. ಪಕ್ಕದಲ್ಲಿ ಇರಾಕ್ ಇರಾನ್ ಎಂಟು ವರ್ಷ ಬಡಿದಾಡಿಕೊಂಡರು, ನಮ್ಮ ಓಣಿಯಲ್ಲಿ ಒಬ್ಬರ ಒಂದು ಗಂಟೆಯ ನಿದ್ದೆ ಹೋಗಲಿಲ್ಲ, ಈಗಂತೂ ಅದೂ ಖಲಾಸ್, ಎಂದೆ. "ಅದೊಂದು ಹೆದರಿಕೆ ಬೇಡ ಅಂತ ಹೇಳಿ ಮೇಷ್ಟ್ರೇ. ಬೇರೆ ಏನು ಬೇಕಾದರೂ ಆದೀತು, ಅದೊಂದು ಆಗಲಿಕ್ಕಿಲ್ಲ."

ಮೇಯಿ ಮೊದಲ ಬಾರಿ ಮುಗುಳ್ನಕ್ಕಳು. ಹಾಳೆಯನ್ನು ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡು, ಗಂಡನ ಕಡೆ ತಿರುಗಿ ಎರಡೇ ಶಬ್ದ ಹೇಳಿದಳು. ಒಪ್ಪಿದ್ದಾಳೆಂದು ಅವನ ಮುಖ ನೋಡಿಯೇ ನನಗೆ ತಿಳಿಯಿತು. ಉಳಿದ ಕಷ್ಟಗಳನ್ನು ಅವಳು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಳಂತೆ, ಅವಕ್ಕೆ ಮದ್ದಿದೆ, ಗಂಡ ಜೀವಂತ ಮರಳುವುದಿದ್ದರೆ ಸಾಕು ಎಂದು ಆಮೇಲೆ ಮೇಷ್ಟ್ರಿಗೆ ಹೇಳಿದಳಂತೆ. ಮೇಷ್ಟ್ರ ಪುಸ್ತಕದಲ್ಲಿ ನನ್ನ ಮಿರ್ಕಾಬಿನ ವಿಳಾಸವನ್ನೂ, ಅದರ ಕೆಳಗೆ ಊರಿನದನ್ನೂ ಬರೆದುಕೊಟ್ಟೆ.

ಸುಲೈಬಿಯಾ

ಲಿಯಾಂಗ್ ಬಂದಿಳಿದ ಜಾಗವನ್ನು ಮೇಷ್ಟ್ರು ಕಾಗದ ಬರೆದು ತಿಳಿಸಿದ್ದರು. ಜೂನ್ ತಿಂಗಳ ಒಂದು ಶುಕ್ರವಾರ ಲಾರೆನ್ಸಿನ ಹಳೆಯ ಕಾರಿನಲ್ಲಿ ಸುಲೈಬಿಯಾಕ್ಕೆ ಹೋದೆವು. ಗೋದಾಮುಗಳ ನಡುವಿನ ಒಂದು ಶೆಡ್ಡಿನಲ್ಲಿ ಆ ಮೂವತ್ತು ಚೀನೀಯರಿದ್ದರು. ಬಿಸಿಲಿಗೆ ಲಿಯಾಂಗನ ಮೂಗು ಸುಲಿದಿತ್ತು. ಸೊಂಟ ಅರ್ಧವಾಗಿತ್ತು. ಶೆಡ್ಡಿನ ಹಿಂದೆ ಸ್ನಾನದ ನೀರು ಬಿಟ್ಟು ಸೊಪ್ಪು ಬೆಳೆಸಿದ್ದರು. ಹತ್ತು ಅರಬೀ ಶಬ್ದಗಳು ನಮ್ಮಿಬ್ಬರ ಭಾಷೆ. ಹೆಂಡತಿಗೆ ಏನು ಬರೆದೆ ಎಂದು ಸನ್ನೆಯಲ್ಲಿ ಕೇಳಿದೆ. ಅವನು ಕೆನ್ನೆ ಉಬ್ಬಿಸಿ, ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಗುಡಾಣ ತೋರಿಸಿ, "ಝೇನ್, ಝೇನ್" ಎಂದ, ಅರಬಿಯಲ್ಲಿ ಚೆನ್ನ ಎಂದು. ಚೆನ್ನಾಗಿದ್ದೇನೆ, ದಪ್ಪಗಾಗಿದ್ದೇನೆ ಎಂದು ಬರೆದಿದ್ದನಂತೆ. ಲಾರೆನ್ಸ್ ನಕ್ಕು ನಕ್ಕು ಸುಸ್ತಾದ. "ಇವ ಪಾಸಾದ ಮಾರಾಯ. ಇವ ಈಗ ನಮ್ಮವನೇ!"

ಆಗಸ್ಟಿನ ಎರಡನೆಯ ತಾರೀಕು ಬೆಳಿಗ್ಗೆ ಏಳುವಾಗ ಬೀದಿಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು. ಆ ದಿನಗಳ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ, ನಾನು ಮತ್ತೆ ಬರೆಯುವುದಿಲ್ಲ. ನನಗೆ ಮೊದಲು ನೆನಪಾದದ್ದು ಸುಮತಿ ಮತ್ತು ಮಗಳು. ಅದರ ಬೆನ್ನಿಗೇ ಕೆರೆಯ ಕಟ್ಟೆಯ ಮೇಲೆ ನಕ್ಕ ನಗು. ಬಡಪಾಯಿ ಹೆಂಗಸು ಮೂರು ಭಾನುವಾರ ಕಾದು ಕೇಳಿದ್ದಳು. ಅದಕ್ಕೇ ನಾನು ಹಲ್ಲು ಕಿರಿದಿದ್ದೆ. ಎದೆಯ ಮೇಲೆ ಕಲ್ಲು ಹೇರಿದಂತಾಗಿತ್ತು.

ಮೂರನೆಯ ವಾರ ಸುಲೈಬಿಯಾಕ್ಕೆ ಹೋಗುತ್ತೇನೆಂದಾಗ ಲಾರೆನ್ಸ್ ಸಿಟ್ಟಾದ. "ನಿನಗೆ ಮಂಡೆ ಸಮ ಉಂಟಾ? ಇಲ್ಲಿ ರೊಟ್ಟಿಗೇ ನಾಲ್ಕು ಗಂಟೆ ಕ್ಯೂ. ನೀನು ಚೀನಾದವನನ್ನು ಹುಡುಕ್ಲಿಕ್ಕೆ ಹೊರಟದ್ದಾ?"

"ಅವ ನನ್ನ ಮಾತು ಕೇಳಿ ಬಂದದ್ದು ಲಾರೆನ್ಸ್."

ಅವನು ಕಾರಿನ ಕೀಲಿ ತೆಗೆದುಕೊಂಡ. "ನಡಿ. ಒಬ್ಬನೇ ಸಾಯ್ಬೇಡ."

ಶೆಡ್ಡು ಖಾಲಿ. ಅಡಿಗೆಯ ಪಾತ್ರೆಗಳನ್ನೆಲ್ಲ ತೊಳೆದು ಸಾಲಾಗಿ ಕವುಚಿ ಇಟ್ಟಿದ್ದರು. ಸೊಪ್ಪಿನ ಪಾತಿ ಒಣಗಿತ್ತು. ಪಕ್ಕದ ಗೋದಾಮಿನ ಪಠಾಣ ಕಾವಲುಗಾರ, "ಚೀನೀ ಸಬ್ ಖಲಾಸ್ ಭಾಯಿ, ಬಸ್ಸಿನಲ್ಲಿ ಗಯಾ" ಎಂದ. ಎಲ್ಲಿಗೆ ಎಂದರೆ ಆಕಾಶಕ್ಕೆ ಬೆರಳು ತೋರಿಸಿದ. ಪಾತ್ರೆ ತೊಳೆದಿಟ್ಟು ಹೋದವರು ಓಡಿ ಹೋದವರಲ್ಲ ಎಂದು ಲಾರೆನ್ಸ್ ದಾರಿಯುದ್ದಕ್ಕೂ ಸಮಾಧಾನ ಹೇಳಿದ. ನಾನು ಅದನ್ನು ನಂಬಲು ಬಹಳ ಪ್ರಯತ್ನಪಟ್ಟೆ.

ಕಾಪು

ಬಾಗ್ದಾದು, ಮರಳುಗಾಡಿನ ಡೇರೆ, ಅಮ್ಮಾನ್, ಬೊಂಬಾಯಿ ಎಂದು ಸುತ್ತಿ ನಾನೂ ಲಾರೆನ್ಸನೂ ಸೆಪ್ಟೆಂಬರ್ ಕೊನೆಗೆ ಊರು ಮುಟ್ಟಿದೆವು. ಮೇಷ್ಟ್ರ ವಿಳಾಸವಿದ್ದ ಡೈರಿ ದಾರಿಯಲ್ಲಿ ಕಳೆದುಹೋಗಿತ್ತು. ಮರಳುಗಾಡಿನ ಕತೆಯನ್ನು ಊರಿಡೀ ಉಪ್ಪುಖಾರ ಹಚ್ಚಿ ಹೇಳಿದೆ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ, ಸಾಹುಕಾರನೂ ಕೂಲಿಯವನೂ ಒಂದೇ ಡೇರೆಯಲ್ಲಿದ್ದೆವು. ಅದಕ್ಕೂ ಹಿಂದಿನ ಎಂಟು ವರ್ಷಗಳ ಬಗ್ಗೆ ಮಾತ್ರ ಹಳೆಯ ಪಾಠವೇ ನಡೆಯುತ್ತಿತ್ತು. "ನಿಮ್ಮ ಆ ಸಮುದ್ರದ ಕೋಣೆ ಏನಾಯ್ತೋ ಏನೋ, ಪಾಪ" ಎಂದು ಸುಮತಿ ಒಮ್ಮೊಮ್ಮೆ ಮರುಗುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಸೊಪ್ಪಿನ ಸಾರು ಬಡಿಸಿದರೆ ಮಾತ್ರ ನನಗೆ ಇಳಿಯುತ್ತಿರಲಿಲ್ಲ. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

ತೊಂಬತ್ತೊಂದರ ಮಾರ್ಚಿನಲ್ಲಿ ಅಂಚೆಯವನು ಚೀನಾದ ಸ್ಟಾಂಪಿನ ಲಕೋಟೆ ತಂದ. ನಿಂತಲ್ಲೇ ಒಡೆದೆ. ಸುಮತಿ ಜಗಲಿಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ಮೊದಲ ಸಾಲು ಓದಿದ ಖುಷಿಗೆ ನಾನು ಹಿಂದುಮುಂದು ನೋಡದೆ ಇಡೀ ಕಾಗದವನ್ನು ತುಳುವಿನಲ್ಲಿ ಗಟ್ಟಿಯಾಗಿ ಅವಳಿಗೆ ಓದಿ ಹೇಳತೊಡಗಿದೆ.

"ಲಿಯಾಂಗ್ ಸೆಪ್ಟೆಂಬರಿನಲ್ಲಿ ಸುರಕ್ಷಿತವಾಗಿ ಮನೆ ತಲುಪಿದರು. ಮಗು ಎರಡು ದಿನ ತಂದೆಯ ಹತ್ತಿರ ಹೋಗಲಿಲ್ಲ, ಈಗ ಬಿಡುವುದಿಲ್ಲ. ಅವರ ಪತ್ನಿ ಪ್ರತಿ ಭಾನುವಾರ ಮರದಡಿಗೆ ಬಂದು ನಿಮ್ಮ ಸುದ್ದಿ ಕೇಳುತ್ತಾರೆ. ಕುವೈತಿಗೆ ಹಾಕಿದ ಎರಡು ಪತ್ರಗಳು ಮರಳಿ ಬಂದವು, ಆದ್ದರಿಂದ ಇದನ್ನು ನಿಮ್ಮ ಊರಿಗೆ ಹಾಕುತ್ತಿದ್ದೇನೆ. ನೀವು ಬದುಕಿದ್ದರೆ ದಯವಿಟ್ಟು ಬರೆಯಿರಿ. ಪ್ರಶ್ನೆಗಳ ಹಾಳೆ ಮೇಯಿಯ ಬಳಿ ಇದೆ. ಹದಿನಾಲ್ಕರಲ್ಲಿ ಹದಿಮೂರು ಸರಿ, ಒಂದು ತಪ್ಪು. ಉಪಾಧ್ಯಾಯನಾಗಿ ಹೇಳುವುದಾದರೆ ಇದು ಒಳ್ಳೆಯ ದರ್ಜೆ. ಅವರು ನಿಮಗೆ ಹೀಗೆ ತಿಳಿಸಲು ಹೇಳಿದ್ದಾರೆ: ತಪ್ಪಾದ ಆ ಒಂದು ಯಾರಿಗೂ ಗೊತ್ತಿರಲಿಲ್ಲ. ಉಳಿದ ಹದಿಮೂರು ನಿಮಗೆ ಗೊತ್ತಿದ್ದವು, ನೀವು ಅವನ್ನು ಬಚ್ಚಿಡಲಿಲ್ಲ."

ಕಾಗದ ಮಡಚಿ ಕಣ್ಣೊರಸಿಕೊಂಡೆ. ಎದೆಯ ಕಲ್ಲು ಇಳಿದಿತ್ತು. ಸುಮತಿಯ ಬಾಚಣಿಗೆ ಮಗಳ ತಲೆಯ ನಡುವೆಯೇ ನಿಂತಿತ್ತು.

"ಅವಳಿಗೆ ಬಚ್ಚಿಡದೆ ಹೇಳಿದ್ದು ಎಂತದ್ದು?" ಎಂದಳು. "ಯಾವ ಹದಿಮೂರು?"

ಅವಳು ಜಡೆಗೆ ರಿಬ್ಬನ್ ಕಟ್ಟಿ, ಮಗಳನ್ನು ಆಡಿಕೋ ಹೋಗು ಎಂದು ಅಂಗಳಕ್ಕೆ ಕಳುಹಿಸಿ, ಮತ್ತೆ ನನ್ನ ಮುಖವನ್ನೇ ನೋಡಿದಳು.

ಅವಳ ಎದುರು, ಜಗಲಿಯ ನೆಲದ ಮೇಲೆ ಕುಳಿತೆ.

"ನನಗೆ ಅಲ್ಲಿ ಸ್ವಂತ ಕೋಣೆ ಇರಲಿಲ್ಲ ಸುಮತಿ" ಎಂದೆ.